ಮೆಕ್ಕೆಜೋಳ ಬಿಟ್ರೆ ಅಲ್ಲಿ ಇನ್ನೇನಿದೆ?

ಎಲ್ಲರಿಗೂ ನಮಸ್ಕಾರ. ಈಗ ನೀವು ನೋಡ್ತಿರೋದು ನಮ್ಮನೆ ಊಟದ ಮೇಜು. ಮೂರು ವಾರದಿಂದ ಇದರ ಮೇಲೆ ತಟ್ಟೆಗಿಂತ ಕಾಗದಾನೇ ಜಾಸ್ತಿ. ಲೈಬ್ರರಿಯಿಂದ ತಂದ ನಾಲ್ಕು ಪುಸ್ತಕ, ಗೆರೆ ಹಾಕಿದ ಚಿಕ್ಕ ಕಾರ್ಡುಗಳು, ಅರ್ಧ ಬಣ್ಣ ಹಚ್ಚಿದ ಒಂದು ನಕ್ಷೆ. ಮಗಳು ನಾಲ್ಕನೇ ಕ್ಲಾಸು. ಅಮೆರಿಕದ ಎಷ್ಟೋ ಶಾಲೆಗಳಲ್ಲಿ ಈ ವಯಸ್ಸಿನ ಮಕ್ಕಳಿಗೆ ಸ್ಟೇಟ್ ರಿಪೋರ್ಟ್ ಅಂತ ಒಂದು ಕೆಲಸ ಕೊಡ್ತಾರೆ. ಐವತ್ತು ರಾಜ್ಯಗಳಲ್ಲಿ ಒಂದನ್ನು ತಗೊಂಡು, ಅದರ ಬಗ್ಗೆ ತಾವೇ ಓದಿ, ತಾವೇ ಬರೆದು, ಕ್ಲಾಸಿನ ಮುಂದೆ ನಿಂತು ಹೇಳಬೇಕು. ಮಕ್ಕಳ ಜೀವನದಲ್ಲಿ ಬಹುಶಃ ಇದೇ ಮೊದಲ ಸಂಶೋಧನೆ. ಇಲ್ಲಿರೋ ಕನ್ನಡದ ಅಪ್ಪ ಅಮ್ಮಂದಿರಿಗೆ ಇದು ಹೊಸದು. ನಮಗ್ಯಾರಿಗೂ ಆ ವಯಸ್ಸಲ್ಲಿ ಇಂಥ ಕೆಲಸ ಬಂದಿರಲಿಲ್ಲ. ಅದಕ್ಕೇ ಈ ವಿಡಿಯೋ.

ಟೀಚರ್ ಚೀಟಿ ಎತ್ತಿಸಿದ್ರಂತೆ. ಗೆಳತಿಗೆ ಹವಾಯಿ ಬಂತು, ಪಕ್ಕದ ಹುಡುಗನಿಗೆ ಫ್ಲಾರಿಡಾ. ನಮ್ಮವಳಿಗೆ ದೇಶದ ನಡುಭಾಗದ ನೆಬ್ರಾಸ್ಕಾ. ಕಾರಲ್ಲಿ ಬಂದು ಕೂತವಳ ಮುಖ ಚಿಕ್ಕದಾಗಿತ್ತು. "ಅಮ್ಮಾ, ಮೆಕ್ಕೆಜೋಳ ಬಿಟ್ರೆ ಅಲ್ಲಿ ಇನ್ನೇನಿದೆ?" ಅಂದ್ಳು. ನನ್ನ ಹತ್ರ ಉತ್ತರ ಇರಲಿಲ್ಲ. ಅದು ಒಳ್ಳೇದೇ ಆಯ್ತು ಅಂತ ಆಮೇಲೆ ಅನ್ನಿಸ್ತು.

ಯಾಕೆ ಅಂದ್ರೆ, ಮೂರು ವರ್ಷದ ಹಿಂದೆ ಮಗನಿಗೆ ಒರೆಗನ್ ಬಂದಾಗ ನಾನು ದೊಡ್ಡ ತಪ್ಪು ಮಾಡಿದ್ದೆ. ರಾತ್ರಿ ಕೂತು ನಾನೇ ಹುಡುಕಿ, ನಾನೇ ವಾಕ್ಯ ಜೋಡಿಸಿ, ಅವನ ಕೈಲಿ ನಕಲು ಮಾಡಿಸಿದ್ದೆ. ಬೋರ್ಡು ಚೆನ್ನಾಗೇ ಬಂದಿತ್ತು. ಅಮೆರಿಕದ ರಾಜ್ಯಧ್ವಜಗಳಲ್ಲಿ ಒರೆಗನ್ ಧ್ವಜಕ್ಕೆ ಮಾತ್ರ ಹಿಂದೂ ಮುಂದೂ ಬೇರೆ ಬೇರೆ ಚಿತ್ರ ಇದೆ, ಹಿಂಬದಿಯಲ್ಲಿ ಬೀವರ್ ಅನ್ನೋ ನೀರುಪ್ರಾಣಿ ಇದೆ ಅಂತ ಅವನು ಓದಿದ. ಮುಂದಿನ ಸಾಲಲ್ಲಿದ್ದ ಒಂದು ಹುಡುಗಿ ಕೈ ಎತ್ತಿ, "ಬೀವರ್ರೇ ಯಾಕೆ?" ಅಂತ ಕೇಳಿದ್ಲು. ಮಗ ನನ್ನ ಕಡೆ ನೋಡಿದ. ಬೀವರ್ ತುಪ್ಪಳದ ವ್ಯಾಪಾರವೇ ಹೊರಗಿನ ಜನರನ್ನ ಆ ನಾಡಿಗೆ ಎಳೆದು ತಂದಿತ್ತು ಅನ್ನೋದು ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಆ ನೋಟ ನನಗೆ ಇವತ್ತಿಗೂ ಮರೆತಿಲ್ಲ. ಅವನ ಸಂತೋಷಾನ ನಾನು ಕಿತ್ಕೊಂಡಿದ್ದೆ. ಈ ಸಲ ಪೆನ್ಸಿಲ್ ಮಗಳ ಕೈಯಲ್ಲೇ ಇರಬೇಕು ಅಂತ ಮೊದಲನೇ ದಿನವೇ ತೀರ್ಮಾನ ಮಾಡ್ಕೊಂಡೆ.

ಇದು ಶಾಲೆಯಿಂದ ಬಂದ ಹಾಳೆ. ರಾಜಧಾನಿ, ರಾಜ್ಯವಾದ ದಿನ, ಹಕ್ಕಿ, ಹೂವು, ಅಡ್ಡಹೆಸರು, ಬೆಳೆ, ಪ್ರಸಿದ್ಧ ವ್ಯಕ್ತಿ. ಒಂದೊಂದಕ್ಕೂ ಒಂದು ಚೌಕ. ಅರ್ಧ ಗಂಟೇಲಿ ತುಂಬಿಸಿಬಿಟ್ಳು. ರಾಜಧಾನಿ ಲಿಂಕನ್. 1867ರ ಮಾರ್ಚ್ 1ರಂದು 37ನೇ ರಾಜ್ಯವಾಗಿ ಸೇರಿದ್ದು. ಹಕ್ಕಿ ವೆಸ್ಟರ್ನ್ ಮೆಡೋಲಾರ್ಕ್. "ಮುಗೀತಮ್ಮ!" ಅಂತ ಎದ್ದೇಬಿಟ್ಳು. ನಾನು ಒಂದೇ ಒಂದು ಕೇಳಿದೆ: "ಈ ಹಕ್ಕಿ ಬೇರೆ ಯಾವ ರಾಜ್ಯಕ್ಕಾದ್ರೂ ಇದೆಯಾ, ನೋಡು." ಹುಡುಕಿದ್ಳು. ಕಾನ್ಸಾಸ್, ಮಾಂಟಾನಾ, ನಾರ್ತ್ ಡಕೋಟಾ, ಒರೆಗನ್, ವಯೋಮಿಂಗ್, ಅದರ ಜೊತೆ ನೆಬ್ರಾಸ್ಕಾ. ಆರು ರಾಜ್ಯಕ್ಕೂ ಒಂದೇ ಹಕ್ಕಿ! ಆಗ ಅವಳಿಗೇ ಹೊಳೀತು, ಚೌಕ ತುಂಬಿದೆ, ಆದ್ರೆ ನೆಬ್ರಾಸ್ಕಾ ಎಲ್ಲೂ ಕಾಣ್ತಿಲ್ಲ.

ಹಾಳೆಯ ಬಗ್ಗೆ ನನಗೆ ದೂರಿಲ್ಲ. ಅಷ್ಟು ಚಿಕ್ಕ ಮಕ್ಕಳಿಗೆ ಹಿಡಿದುಕೊಳ್ಳೋಕೆ ಒಂದು ಗೂಟ ಬೇಕು. ಆದ್ರೆ ಚೌಕ ತುಂಬಿಸೋದೇ ಸಂಶೋಧನೆ ಅಂತ ಮಗು ಅಂದ್ಕೊಂಡುಬಿಟ್ರೆ ಕಷ್ಟ. ಒಂದು ಪ್ರಶ್ನೆ ಬೇಕು. ಅದೂ ನಮ್ಮ ಪ್ರಶ್ನೆ ಅಲ್ಲ, ಅವರದ್ದು.

ಅದಕ್ಕೆ ನಾವು ಎರಡು ದಿನ ಒಂದಕ್ಷರಾನೂ ಬರೀಲಿಲ್ಲ. ಬರೀ ಚಿತ್ರ ನೋಡಿದ್ವಿ, ನಕ್ಷೆ ನೋಡಿದ್ವಿ. ಎರಡನೇ ಸಂಜೆ ಈ ಪುಟದ ಹತ್ರ ಅವಳು ನಿಂತಳು. ಸ್ವಲ್ಪ ಹತ್ತಿರದಿಂದ ತೋರಿಸ್ತೀನಿ. ಸೂರ್ಯ ಮುಳುಗ್ತಿದ್ದಾನೆ, ಅಗಲವಾದ ನದಿ, ನೀರಿನ ತುಂಬ ಉದ್ದ ಕಾಲಿನ ಬೂದು ಹಕ್ಕಿಗಳು. ಸ್ಯಾಂಡ್‌ಹಿಲ್ ಕ್ರೇನ್. ನಾವು ಕ್ರೌಂಚ ಅಂತೀವಲ್ಲ, ಅದೇ ಕುಲದ್ದು. ಪ್ರತಿ ವರ್ಷ ಫೆಬ್ರವರಿಯಿಂದ ಏಪ್ರಿಲ್ ತನಕ ಐದು ಲಕ್ಷಕ್ಕೂ ಹೆಚ್ಚು ಕ್ರೇನ್‌ಗಳು ನೆಬ್ರಾಸ್ಕಾದ ಪ್ಲಾಟ್ ನದಿಯ ಸುಮಾರು 80 ಮೈಲಿ ಉದ್ದದಲ್ಲಿ ಬಂದು ಇಳೀತವೆ. ಮಗಳು ಪುಟದ ಮೇಲೆ ಬೆರಳಿಟ್ಟು, "ಇಷ್ಟು ದೊಡ್ಡ ದೇಶದಲ್ಲಿ ಇಲ್ಲಿಗೇ ಯಾಕೆ ಬರ್ತವೆ?" ಅಂದ್ಳು. ತಕ್ಷಣ ಒಂದು ಹಳದಿ ಕಾರ್ಡ್ ಕೊಟ್ಟು, "ಇದನ್ನ ಬರಿ" ಅಂದೆ. ಇಡೀ ರಿಪೋರ್ಟು ಆ ಹಳದಿ ಕಾರ್ಡಿನ ಮೇಲೇ ನಿಂತಿದೆ.

ಕಾರ್ಡು ಬರೆಯೋ ಕ್ರಮ ಹೇಳ್ತೀನಿ, ಇದು ನಿಮಗೆ ಉಪಯೋಗಕ್ಕೆ ಬರುತ್ತೆ. ಮೇಲ್ಗಡೆ ಪ್ರಶ್ನೆ. ನಡುವೆ ಒಂದೇ ಒಂದು ವಿಷಯ. ಕೆಳಗಡೆ ಯಾವ ಪುಸ್ತಕ, ಎಷ್ಟನೇ ಪುಟ. ಅದಕ್ಕಿಂತ ಮುಖ್ಯ, ಬರೆಯೋಕೆ ಮುಂಚೆ ಪುಸ್ತಕ ಮುಚ್ಚಬೇಕು. ಮುಚ್ಚಿ, ನನಗೆ ಬಾಯಲ್ಲಿ ಹೇಳಬೇಕು. ಹೇಳೋಕೆ ಬಂದ್ರೆ ಬರೆಯೋದು. ಬರಲಿಲ್ಲ ಅಂದ್ರೆ ಮತ್ತೆ ಓದೋದು. "ನಕಲು ಮಾಡಬೇಡ" ಅಂತ ನೂರು ಸಲ ಹೇಳೋದಕ್ಕಿಂತ ಇದು ವಾಸಿ. ಮಕ್ಕಳು ಕದಿಯೋ ಬುದ್ಧಿಯಿಂದ ನಕಲು ಮಾಡಲ್ಲ. ಅರ್ಥ ಆಗದ ವಾಕ್ಯಾನ ಬೇರೆ ಹೇಗೆ ಬರೆಯೋದು ಅಂತ ಗೊತ್ತಾಗದೆ ಇದ್ದದ್ದು ಇದ್ದ ಹಾಗೆ ಇಳಿಸ್ತಾರೆ, ಅಷ್ಟೇ.

ಒಂದು ದಿನ ಹಾಗೇ ಆಯ್ತು. ಪ್ಲಾಟ್ 'ಬ್ರೇಡೆಡ್ ರಿವರ್' ಅಂತ ಕಾರ್ಡಲ್ಲಿ ಬರೆದಿದ್ಳು. "ಹಾಗಂದ್ರೇನು ಪುಟ್ಟಿ?" ಅಂದೆ. ಸುಮ್ಮನೆ ಕೂತಳು. ಮಾರನೇ ಬೆಳಿಗ್ಗೆ ಶಾಲೆಗೆ ಜಡೆ ಹಾಕ್ತಾ ಇದ್ದೆ. ಮೂರು ಎಳೆ ಮಾಡಿ ಒಂದರ ಮೇಲೊಂದು ತರ್ತಾ ಇರುವಾಗ, "ಇದನ್ನ ಇಂಗ್ಲಿಷಲ್ಲಿ ಏನಂತಾರೆ?" ಅಂತ ಕೇಳಿದೆ. "ಬ್ರೇಡ್" ಅಂದವಳು, ನಾನು ಎಳೆ ಬಿಡೋ ಮುಂಚೆನೇ ತಿರುಗಿಬಿಟ್ಳು. "ಅಮ್ಮಾ! ನದಿ ಜಡೆ ಹಾಕ್ಕೊಂಡಿದೆ!" ಹೌದು, ಅದೇ. ಒಂದೇ ಆಳವಾದ ಪಾತ್ರದಲ್ಲಿ ಹರಿಯೋ ಬದಲು ಪ್ಲಾಟ್ ನದಿ ಎಷ್ಟೋ ಎಳೆಯಾಗಿ ಕವಲೊಡೆದು, ಮತ್ತೆ ಕೂಡ್ಕೊಂಡು, ನಡುನಡುವೆ ಮರಳಿನ ದಿಬ್ಬ ಬಿಟ್ಕೊಂಡು ಹರಿಯುತ್ತೆ. ನೀರು ಅಗಲ, ಆಳ ಕಡಿಮೆ. ಆ ದಿನದ ಕಾರ್ಡಲ್ಲಿ ಅವಳು ಬರೆದ ವಾಕ್ಯ ಯಾವ ಪುಸ್ತಕದಲ್ಲೂ ಇಲ್ಲ.

ಅಲ್ಲಿಂದ ಒಂದಕ್ಕೊಂದು ಸೇರ್ತಾ ಹೋಯ್ತು. ಕ್ರೇನ್‌ಗಳು ರಾತ್ರಿ ಆಳವಿಲ್ಲದ ನೀರಲ್ಲೇ ನಿಂತು ಮಲಗ್ತವೆ. ಕಯೋಟಿ, ಅಂದ್ರೆ ಚಿಕ್ಕ ತೋಳದಂಥದ್ದು, ಆ ಥರದ ಪ್ರಾಣಿ ಬಂದ್ರೆ ನೀರು ಸದ್ದಾಗಿ ಎಚ್ಚರ ಆಗುತ್ತೆ. ನೆಬ್ರಾಸ್ಕಾ ಅನ್ನೋ ಹೆಸರು ಬಂದದ್ದು ಅಲ್ಲಿನ ಮೂಲನಿವಾಸಿಗಳಾದ ಓಟೋ ಮತ್ತು ಒಮಾಹಾ ಜನರ ಮಾತಿನಿಂದ. ಅರ್ಥ, ಚಪ್ಪಟೆ ನೀರು. ಪ್ಲಾಟ್ ಅಂದ್ರೆ ಫ್ರೆಂಚ್ ಭಾಷೇಲೂ ಚಪ್ಪಟೆ ಅಂತಾನೇ. ಅಂದ್ರೆ ರಾಜ್ಯದ ಹೆಸರು, ನದಿಯ ಹೆಸರು, ಹಕ್ಕಿ ಬರೋ ಕಾರಣ ಮೂರೂ ಒಂದೇ! 1840ರ ದಶಕದಿಂದ ಒರೆಗನ್ ಟ್ರೇಲ್ ಹಿಡಿದು ಗಾಡಿ ಕಟ್ಕೊಂಡು ಪಶ್ಚಿಮಕ್ಕೆ ಹೊರಟ ಜನ ಹೋದದ್ದೂ ಇದೇ ಸಮತಟ್ಟಾದ ಕಣಿವೆಯಲ್ಲಿ.

ಇನ್ನು ಅವಳು ಬೇಸರ ಮಾಡ್ಕೊಂಡಿದ್ದ ಮೆಕ್ಕೆಜೋಳ. ಕ್ರೇನ್‌ಗಳು ಹಗಲೆಲ್ಲ ಮಾಡೋದೇನು ಗೊತ್ತಾ? ಕೊಯ್ಲಾದ ಹೊಲದಲ್ಲಿ ಉದುರಿ ಬಿದ್ದ ಮೆಕ್ಕೆಜೋಳದ ಕಾಳು ಹೆಕ್ಕಿ ತಿನ್ನೋದು. ತಿಂದು ಮೈ ತುಂಬಿಸ್ಕೊಂಡು ಕೆನಡಾ, ಅಲಾಸ್ಕಾ, ಕೆಲವು ಸೈಬೀರಿಯಾದ ತನಕ ಹಾರ್ತವೆ. ಈ ಕಾರ್ಡನ್ನ ಅವಳು ಓಡಿ ಬಂದು ನನಗೆ ಓದಿ ಹೇಳಿದ್ಳು. ಬೆಳೆ ಅನ್ನೋ ಚೌಕ ಇದ್ದಕ್ಕಿದ್ದ ಹಾಗೆ ಹಕ್ಕಿಯ ಊಟ ಆಗಿಬಿಟ್ಟಿತ್ತು.

ಮರದ ವಿಷಯದಲ್ಲಿ ನಾನೂ ತಬ್ಬಿಬ್ಬಾದೆ. ಆರ್ಬರ್ ಡೇ, ಮರ ನೆಡೋ ಹಬ್ಬ, ಶುರುವಾಗಿದ್ದು ನೆಬ್ರಾಸ್ಕಾದಲ್ಲೇ, 1872ರ ಏಪ್ರಿಲ್ 10ರಂದು, ಜೆ. ಸ್ಟರ್ಲಿಂಗ್ ಮಾರ್ಟನ್ ಅವರ ಪ್ರಯತ್ನದಿಂದ. 1895ರಲ್ಲಿ ರಾಜ್ಯಕ್ಕೆ 'ಟ್ರೀ ಪ್ಲಾಂಟರ್ಸ್ ಸ್ಟೇಟ್', ಮರ ನೆಡೋರ ರಾಜ್ಯ, ಅಂತ ಅಡ್ಡಹೆಸರೂ ಕೊಟ್ರು. 1945ರಲ್ಲಿ ಅದು 'ಕಾರ್ನ್‌ಹಸ್ಕರ್ ಸ್ಟೇಟ್', ಮೆಕ್ಕೆಜೋಳದ ಸಿಪ್ಪೆ ಸುಲಿಯೋರ ರಾಜ್ಯ, ಆಯ್ತು. ಅದನ್ನ ಬರೆದ ಮಾರನೇ ದಿನವೇ ಇನ್ನೊಂದು ಕಡೆ, ಪ್ಲಾಟ್ ನದಿಯಲ್ಲಿ ಮರ ತೆಗೀತಿದ್ದಾರೆ ಅಂತ ಓದಿದ್ಳು. "ಯಾವುದೋ ಒಂದು ಸುಳ್ಳು" ಅಂದ್ಳು. ಸುಳ್ಳಲ್ಲ. ಮೇಲ್ಗಡೆ ಅಣೆಕಟ್ಟು, ಕಾಲುವೆ ಬಂದ ಮೇಲೆ ನದಿಗೆ ಮೊದಲಿನ ನೀರು ಬರಲಿಲ್ಲ. ಹಿಂದೆ ವಸಂತದ ಪ್ರವಾಹ ಮರಳ ದಿಬ್ಬದ ಮೇಲಿನ ಸಸಿಗಳನ್ನ ಕೊಚ್ಕೊಂಡು ಹೋಗ್ತಿತ್ತು. ಅದು ನಿಂತು ಮರ ಬೆಳೆದು ನದಿ ಕಿರಿದಾಯ್ತು, ಕ್ರೇನ್‌ಗಳಿಗೆ ನಿಲ್ಲೋಕೆ ಜಾಗ ಕಡಿಮೆ ಆಯ್ತು. ಅದಕ್ಕೆ ಈಗ ಜನರೇ ದಿಬ್ಬ ಸ್ವಚ್ಛ ಮಾಡ್ತಾರೆ. ಬಯಲಲ್ಲಿ ನೆಟ್ಟ ಮರ ಒಳ್ಳೇದು, ನದಿ ಮಧ್ಯದ ಮರ ಅಲ್ಲ. ಎರಡು ಕಾರ್ಡು ಜಗಳ ಆಡಿದ್ರೆ ಒಂದನ್ನ ಎಸೀಬೇಡಿ, ಎರಡನ್ನೂ ಪಕ್ಕಪಕ್ಕ ಇಟ್ಟು ಮಗೂಗೆ ಕೇಳಿ. ಅವಳ ರಿಪೋರ್ಟಿನ ಅತ್ಯಂತ ಚೆಂದದ ಪ್ಯಾರಾ ಹುಟ್ಟಿದ್ದು ಅಲ್ಲೇ.

ಅಂಕಿಗಳಲ್ಲೂ ಹಾಗೇ. ಲೈಬ್ರರಿ ಪುಸ್ತಕದಲ್ಲಿ ಜನಸಂಖ್ಯೆ 18,26,341 ಅಂತ ಇತ್ತು, ಜನಗಣತಿ ಇಲಾಖೆಯ ವೆಬ್‌ಸೈಟಲ್ಲಿ 19,61,504. ಮೊದಲನೇದು 2010ರ ಗಣತಿ, ಎರಡನೇದು 2020ರದ್ದು. ಆವತ್ತಿಂದ ವರ್ಷ ಇಲ್ಲದ ಅಂಕಿ ನಮ್ಮ ಕಾರ್ಡಿಗೆ ಹತ್ತಲ್ಲ.

ಈಗ ಪ್ರಸಿದ್ಧ ವ್ಯಕ್ತಿ. ಈ ಚೌಕಕ್ಕೆ ಹೂಡಿಕೆಗೆ ಹೆಸರಾದ ಶ್ರೀಮಂತ ವಾರೆನ್ ಬಫೆಟ್ ಹೆಸರು ತಟ್ಟನೆ ಬರುತ್ತೆ. ಅಲ್ಲಿನ ಒಮಾಹಾ ನಗರದಲ್ಲಿ ಹುಟ್ಟಿದ ಅಮೆರಿಕದ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಇದ್ದಾರೆ, ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾಲ್ಕಮ್ ಎಕ್ಸ್ ಇದ್ದಾರೆ. ಮಗಳು ಆರಿಸಿದ್ದು ಸ್ಟ್ಯಾಂಡಿಂಗ್ ಬೇರ್ ಅವರನ್ನ. ಪಾಂಕಾ ಅನ್ನೋ ಮೂಲನಿವಾಸಿ ಜನರ ನಾಯಕರು. 1877ರಲ್ಲಿ ಸರ್ಕಾರ ಆ ಜನರನ್ನ ನೈಯೋಬ್ರಾರಾ ನದಿ ದಡದ ಅವರದ್ದೇ ನೆಲದಿಂದ ಎಬ್ಬಿಸಿ, ದೂರದ ಇಂಡಿಯನ್ ಟೆರಿಟರಿಗೆ, ಈಗಿನ ಓಕ್ಲಹೋಮಾಕ್ಕೆ ಸಾಗಿಸ್ತು. ಅಲ್ಲಿ ಕಾಯಿಲೆಯಿಂದ ಎಷ್ಟೋ ಜನ ಸತ್ರು. ಸ್ಟ್ಯಾಂಡಿಂಗ್ ಬೇರ್ ಅವರ ಮಗನೂ ಹೋದ. ತನ್ನನ್ನ ಹುಟ್ಟಿದ ನೆಲದಲ್ಲೇ ಮಣ್ಣು ಮಾಡಬೇಕು ಅನ್ನೋದು ಮಗನ ಆಸೆ. 1879ರ ಜನವರಿಯ ಚಳಿಯಲ್ಲಿ ಮಗನ ಅಸ್ಥಿ ತಗೊಂಡು ಕೆಲವೇ ಜನರ ಜೊತೆ ಅಪ್ಪ ನಡೆದುಕೊಂಡು ಹೊರಟ್ರು. ಸೈನ್ಯ ಹಿಡೀತು. ಒಮಾಹಾದಲ್ಲಿ ವಿಚಾರಣೆ ಆಯ್ತು. 1879ರ ಮೇ 12ರಂದು ನ್ಯಾಯಾಧೀಶ ಎಲ್ಮರ್ ಡಂಡಿ, ಮೂಲನಿವಾಸಿಯೂ ಕಾನೂನಿನ ಕಣ್ಣಲ್ಲಿ 'ವ್ಯಕ್ತಿ'ಯೇ ಅಂತ ತೀರ್ಪು ಕೊಟ್ರು. ಅವರ ಬಿಡುಗಡೆ ಆಯ್ತು, ಮಗನನ್ನ ನೈಯೋಬ್ರಾರಾ ದಡದಲ್ಲೇ ಮಣ್ಣು ಮಾಡಿದ್ರು.

ಇದನ್ನ ಒಂಬತ್ತು ವರ್ಷದ ಮಗೂಗೆ ಹೇಳಬೇಕಾ ಅಂತ ನಮ್ಮನೇಲೂ ಮಾತಾಯ್ತು. ನಾನು ಹೇಳಬೇಕು ಅಂದೆ. ಅವಳು ತುಂಬ ಹೊತ್ತು ಸುಮ್ಮನಿದ್ದು, "ಅದಕ್ಕೆ ಮುಂಚೆ ಅವರು ವ್ಯಕ್ತಿ ಅಲ್ವಾ?" ಅಂತ ಕೇಳಿದ್ಳು. ಅವಳನ್ನ ಪಕ್ಕಕ್ಕೆ ಕರ್ಕೊಂಡು, "ಅವರು ಯಾವಾಗ್ಲೂ ಮನುಷ್ಯರೇ ಕಂದ. ಅದನ್ನ ಒಪ್ಪಿಕೊಳ್ಳೋಕೆ ಕೋರ್ಟಿಗೆ ಅಷ್ಟು ಕಾಲ ಬೇಕಾಯ್ತು" ಅಂದೆ. ರಾಜ್ಯದ ಬಗ್ಗೆ ಬರೆಯೋದು ಅಂದ್ರೆ ಅದರ ಹೂವು ಹಕ್ಕಿ ಮಾತ್ರ ಅಲ್ಲ. ಅಲ್ಲಿಂದ ಯಾರನ್ನ ಓಡಿಸಿದ್ರು ಅನ್ನೋದೂ ಸೇರುತ್ತೆ. 2019ರಲ್ಲಿ ವಾಷಿಂಗ್ಟನ್‌ನ ಕ್ಯಾಪಿಟಲ್ ಅನ್ನೋ ಸಂಸತ್ ಕಟ್ಟಡದೊಳಗೆ ನೆಬ್ರಾಸ್ಕಾ ನಿಲ್ಲಿಸಿದ್ದು ಅವರ ಪ್ರತಿಮೆಯನ್ನೇ. ಅದರ ಚಿತ್ರ ಬೋರ್ಡಿನ ನಡುವೆ ಇದೆ, ನೋಡಿ.

ಬರವಣಿಗೆ ಅಷ್ಟು ಕಷ್ಟ ಆಗಲಿಲ್ಲ. ಕಾರ್ಡುಗಳನ್ನ ನೆಲದ ಮೇಲೆ ಹರಡಿ, ಯಾವುದರ ಪಕ್ಕ ಯಾವುದು ಅಂತ ಅವಳೇ ಜೋಡಿಸಿದ್ಳು. ಒಂದು ಸಾಲಿನ ಕಾರ್ಡು ಒಂದು ಪ್ಯಾರಾ. ಮೊದಲನೇ ಸಲ ಬರೆಯುವಾಗ ಕಾಗುಣಿತ ತಿದ್ದಲೇ ಇಲ್ಲ. ವಿಷಯ ಹರಿದು ಬರೋ ಹೊತ್ತಲ್ಲಿ ಸ್ಪೆಲಿಂಗ್ ಹಿಡಿದು ನಿಲ್ಲಿಸಿದ್ರೆ ಮಕ್ಕಳು ಸುಲಭದ ಪದಗಳಿಗೇ ಅಂಟ್ಕೊಳ್ತಾರೆ. ಆಮೇಲೆ ಜೋರಾಗಿ ಓದಿಸಿದೆ. ಓದ್ತಾ ಓದ್ತಾ ಎಲ್ಲಿ ಉಸಿರು ಸಿಕ್ಕಿಹಾಕ್ಕೊಳ್ತೋ ಅಲ್ಲಿ ಅವಳೇ ವಾಕ್ಯ ಮುರಿದ್ಳು. ಅಮೆರಿಕದಲ್ಲಿ ಒಂದೇ ಸದನದ ಶಾಸಕಾಂಗ ಇರೋ ರಾಜ್ಯ ನೆಬ್ರಾಸ್ಕಾ ಮಾತ್ರ, 1937ರಿಂದ, ಈಗ 49 ಸದಸ್ಯರು. ಆ ಕಾರ್ಡನ್ನ ಹಾಕಲೇಬೇಕು ಅಂತ ನನಗೆ ಆಸೆ ಇತ್ತು. ಅವಳು ಯಾವ ಸಾಲಲ್ಲಿಟ್ರೂ ಕೂರಲಿಲ್ಲ, ಪಕ್ಕಕ್ಕಿಟ್ಳು. ನಾನು ಬಾಯಿ ಬಿಡಲಿಲ್ಲ.

ಬೋರ್ಡಿಗೆ ಮಿಂಚು, ರಿಬ್ಬನ್ ಹಚ್ಚೋಕೆ ಒಂದು ಸಂಜೆಗಿಂತ ಹೆಚ್ಚು ಕೊಡಬೇಡಿ.

ನಾಳೆ ಬೆಳಿಗ್ಗೆ ಅವಳ ಸರದಿ. ಈಗ ರಾತ್ರಿ ಒಂಬತ್ತೂವರೆ, ಮಲಗಿದ್ದಾಳೆ. ಮೇಜಿನ ಮೇಲೆ ಒಂದು ಕಾರ್ಡು ಉಳಿದಿದೆ, ರಿಪೋರ್ಟಿಗೆ ಸೇರದ್ದು. ಮೇಲ್ಗಡೆ ಪ್ರಶ್ನೆ ಮಾತ್ರ ಇದೆ, ಕೆಳಗೆ ಖಾಲಿ. ಓದ್ತೀನಿ: "ಮರಿ ಕ್ರೇನ್‌ಗೆ ದಾರಿ ಯಾರು ಹೇಳಿಕೊಡ್ತಾರೆ?" ಶನಿವಾರ ಲೈಬ್ರರಿಗೆ ಹೋಗೋಣ ಅಂತ ಅದರ ಹಿಂದೆ ಅವಳೇ ಬರೆದಿಟ್ಟಿದ್ದಾಳೆ.