ಸಿಟ್ಟಿನ ಮೇಲೆ ಪಂಥ ನಿಲ್ಲುವುದಿಲ್ಲ

ನಮಸ್ಕಾರ. ಉತ್ತರ ಯುರೋಪಿನ ಹಳೆಯ ದೇವರುಗಳಾದ ಓಡಿನ್, ಥಾರ್, ಫ್ರೇಯಾ ಅಂದ ಕೂಡಲೇ ನಮಗೆ ಸಿನಿಮಾ ನೆನಪಾಗುತ್ತದೆ. ಐಸ್ಲೆಂಡಿನಲ್ಲಿ ಇವರ ಹೆಸರಿನಲ್ಲಿ ಮದುವೆ ನಡೆಯುತ್ತದೆ, ಮಣ್ಣು ಮಾಡುವುದೂ ನಡೆಯುತ್ತದೆ, ಎರಡಕ್ಕೂ ಸರ್ಕಾರದ ಮಾನ್ಯತೆ ಇದೆ. ಈ ಪಂಥದ ಹೆಸರು ಆಸಾತ್ರು. 1972ರ ಏಪ್ರಿಲ್ 20ರಂದು ರಾಜಧಾನಿ ರೇಕ್ಯಾವಿಕ್‌ನ ಹೋಟೆಲೊಂದರಲ್ಲಿ 12 ಮಂದಿ ಸೇರಿ ಸಂಘ ಕಟ್ಟಿದರು. ಮೊದಲ ಮುಖ್ಯಸ್ಥ ಸ್ವೇನ್‌ಬ್ಯೋರ್ನ್ ಬೇಂಟೇನ್ಸನ್, ಕುರಿ ಸಾಕುತ್ತಿದ್ದ ರೈತ, ಕವಿ. ಅಂದಿನ ಬಿಷಪ್ ವಿರೋಧಿಸಿದರೂ 1973ರಲ್ಲಿ ಮಾನ್ಯತೆ ಸಿಕ್ಕಿತು. ಇವತ್ತು ಸದಸ್ಯರು 5 ಸಾವಿರ ದಾಟಿದ್ದಾರೆ.

ಹೀಗೆ ಕ್ರೈಸ್ತ ಧರ್ಮಕ್ಕಿಂತ ಹಿಂದಿನ ದೇವರುಗಳನ್ನು ಪೂಜಿಸುವ ಪೇಗನ್ ಗುಂಪುಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: "ಚರ್ಚು ನಮ್ಮದನ್ನೆಲ್ಲ ಸುಟ್ಟುಹಾಕಿತು." ಯುರೋಪಿನ ಹಲವೆಡೆ ಬಲವಂತದ ಮತಾಂತರ ನಡೆದದ್ದು ನಿಜ. ಆದರೆ ಐಸ್ಲೆಂಡಿನ ಲೆಕ್ಕ ಬೇರೆ. ಸುಮಾರು 1000ನೇ ಇಸವಿಯಲ್ಲಿ ಥಿಂಗ್‌ವೆಟ್ಲಿರ್ ಬಯಲಿನ ಸಭೆಯಲ್ಲಿ ದೇಶ ಕ್ರೈಸ್ತರು, ಪೇಗನ್ನರು ಎಂದು ಎರಡು ಹೋಳಾಗುವ ಹಂತಕ್ಕೆ ಬಂದಿತ್ತು. ತೀರ್ಪು ಹೇಳುವ ಹೊಣೆ ಬಿದ್ದದ್ದು ಥೋರ್ಗೇರ್ ಎಂಬ ಪೇಗನ್ನನ ಮೇಲೆ. ಆತ ಒಂದು ಹಗಲು ಒಂದು ರಾತ್ರಿ ಕಂಬಳಿ ಹೊದ್ದು ಮಲಗಿದ್ದು, ಎದ್ದು ಬಂದು ಹೇಳಿದ: ಎಲ್ಲರೂ ಕ್ರೈಸ್ತರಾಗಲಿ. ಆದರೆ ಗುಟ್ಟಾಗಿ ಹಳೆಯ ಪೂಜೆ ಮಾಡಬಹುದು, ಕುದುರೆ ಮಾಂಸ ತಿನ್ನಬಹುದು, ಹುಟ್ಟಿದ ಕೂಸನ್ನು ಬಯಲಲ್ಲಿ ಬಿಟ್ಟು ಬರುವ ಹಳೆಯ ಪದ್ಧತಿಯೂ ಇರಲಿ. ಕೆಲವೇ ವರ್ಷಗಳಲ್ಲಿ ಈ ಮೂರು ರಿಯಾಯಿತಿಗಳೂ ಹೋದವು. ಆ ಮೂರನೆಯದನ್ನು ಮರೆಯಬೇಡಿ. ಹಳೆಯದೆಲ್ಲ ಚಿನ್ನವಾಗಿರಲಿಲ್ಲ.

ಇನ್ನು ಪುಸ್ತಕದ ವಿಷಯ. ಆಸಾತ್ರು ಪಂಥದವರು ಓದುವ, ಹಳೆಯ ದೇವರು ಮತ್ತು ವೀರರ ಕಥೆ ಹೇಳುವ ಎಡ್ಡಾ ಪದ್ಯಗಳ ಮುಖ್ಯ ಹಸ್ತಪ್ರತಿ ಕೋಡೆಕ್ಸ್ ರೇಗಿಯಸ್. 13ನೇ ಶತಮಾನದಲ್ಲಿ ಅದನ್ನು ಬರೆದದ್ದು ಕ್ರೈಸ್ತ ಕೈ. 1643ರಲ್ಲಿ ಅದು ಸೇರಿದ್ದು ಬ್ರಿನ್ಯೋಲ್ವುರ್ ಸ್ವೇನ್ಸನ್ ಎಂಬ ಬಿಷಪ್ಪರ ಕೈಗೆ. ಅವರು ಅದನ್ನು ಜೋಪಾನ ಮಾಡಿ, ಮುಂದೆ ಡೆನ್ಮಾರ್ಕಿನ ರಾಜನಿಗೆ ಕಳಿಸಿದರು. 1971ರ ಏಪ್ರಿಲ್ 21ರಂದು ಅದು ಹಡಗಿನಲ್ಲಿ ರೇಕ್ಯಾವಿಕ್‌ಗೆ ಮರಳಿತು. ಸಂಘ ಹುಟ್ಟಿದ್ದು ಅದಾದ ಮೇಲೆ ಒಂದು ವರ್ಷಕ್ಕೆ ಒಂದೇ ದಿನ ಕಡಿಮೆ. ಕ್ರೈಸ್ತರು ಬರೆದಿಟ್ಟು ಕಾಪಾಡಿದ ಪದ್ಯವನ್ನು ಹಾಡುತ್ತಾ ಕ್ರೈಸ್ತರನ್ನು ಬೈಯುವುದು ಕೃತಘ್ನತೆ ಅಂತಲೇ ನಾನು ಹೇಳುತ್ತೇನೆ.

ಹಾಗಾದರೆ ಕಟ್ಟುವುದು ಯಾವುದರ ಮೇಲೆ? ಅದೇ ಹಸ್ತಪ್ರತಿಯ ಹಾವಮಾಲ್ ಎಂಬ ನೀತಿಪದ್ಯಗಳು ಅತಿಥಿಯಿಂದಲೇ ಶುರುವಾಗುತ್ತವೆ. ಮೊಣಕಾಲು ಮರಗಟ್ಟಿ ಬಂದವನಿಗೆ ಬೆಂಕಿ, ಬಟ್ಟೆ, ಊಟ, ನೀರು, ಒರೆಸಿಕೊಳ್ಳಲು ವಸ್ತ್ರ. ಬಂದವರ ಕಾಲಿಗೆ ನೀರು ಕೊಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ನೀತಿ ಪರೀಕ್ಷೆಗೆ ಬೀಳುವುದು ಬ್ಲೋಟ್‌ನಲ್ಲಿ, ಅಂದರೆ ಅವರ ಸಾಮೂಹಿಕ ಪೂಜೆಯಲ್ಲಿ. ಸಂಘ ಅದರಲ್ಲಿ ಪ್ರಾಣಿಬಲಿ ಕೊಡುವುದಿಲ್ಲ. ಜಾಗವನ್ನು ಪವಿತ್ರಗೊಳಿಸಿ ಪದ್ಯ ಓದುತ್ತಾರೆ, ಕೊಂಬಿನ ಪಾತ್ರೆ ಕೈಯಿಂದ ಕೈಗೆ ಸಾಗುತ್ತದೆ, ಕೊನೆಗೆ ಊಟ.

ಎಡವಟ್ಟಾಗುವುದು ಆ ಕೊಂಬಿನಲ್ಲೇ. ತುದಿಯನ್ನು ಮೇಲಕ್ಕೆತ್ತಿ ಕುಡಿದರೆ ಗಾಳಿ ಒಮ್ಮೆಲೇ ತುದಿಗೆ ನುಗ್ಗಿ ಪಾನೀಯವೆಲ್ಲ ಮುಖಕ್ಕೆ ಎರಚುತ್ತದೆ. ತುದಿ ಪಕ್ಕಕ್ಕೆ ತಿರುಗಿರಬೇಕು, ನಿಧಾನ ವಾಲಿಸಬೇಕು. ಬಿಸಿ ಪಾನೀಯ ಹಾಕಲೇಬಾರದು, ಕೊಂಬು ಮೆತ್ತಗಾಗಿ ವಾಸನೆ ಬರುತ್ತದೆ. ತೊಳೆಯುವುದೂ ಉಗುರುಬೆಚ್ಚಗಿನ ನೀರಲ್ಲಿ ಮಾತ್ರ. ಒಬ್ಬರಿಗೆ 20 ಮಿಲಿ ಗುಟುಕು ಅಂತ ಹಿಡಿದರೆ 50 ಜನಕ್ಕೆ 1 ಲೀಟರ್. ಕೊಂಬು ಕೈಗೆ ಬಂದಾಗ ಒಬ್ಬೊಬ್ಬರು ಒಂದು ನಿಮಿಷ ಮಾತಾಡಿದರೂ ಒಂದು ಸುತ್ತು ಮುಗಿಯಲು 50 ನಿಮಿಷ. ಮೂರು ಸುತ್ತು ಇಟ್ಟುಕೊಂಡರೆ ಆ ಚಳಿಯಲ್ಲಿ ಎರಡೂವರೆ ಗಂಟೆ ನಿಲ್ಲಬೇಕು, ಮಕ್ಕಳೂ ಮುದುಕರೂ ಮುಂದಿನ ಸಲ ಬರುವುದಿಲ್ಲ. ಹೊಸ ಗುಂಪು ಕಟ್ಟುವವರು ಒಂದೇ ಸುತ್ತು ಇಡಿ, ಒಬ್ಬರಿಗೆ ಒಂದೇ ವಾಕ್ಯ.

ಎಂಜಲಿನ ಪ್ರಶ್ನೆಯೂ ಇದೆ. ನಾವು ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುತ್ತೇವೆ, ಕೊಂಬಿನಲ್ಲಿ ಅದು ಸಾಧ್ಯವಿಲ್ಲ. ನೆಗಡಿ ಆದವರು, ಕುಡಿತ ಬಿಟ್ಟವರು, ಕಾರು ಓಡಿಸುವವರು ಇರುತ್ತಾರೆ. ಅವರು ಕೊಂಬನ್ನು ಎತ್ತಿ ಹಿಡಿದು ನಾಲ್ಕು ಹನಿ ನೆಲಕ್ಕೆ ಚೆಲ್ಲಿ ಮುಂದೆ ದಾಟಿಸಿದರೆ ಸಾಕು ಎಂದು ಮೊದಲೇ ಎಲ್ಲರಿಗೂ ಕೇಳುವಂತೆ ಹೇಳಬೇಕು. ಕಾರಣ ಕೇಳಬಾರದು. ಬಾಗಿಲಲ್ಲಿ ತಡೆಯಬೇಕಾದವರು ಬೇರೆ ಇದ್ದಾರೆ. ಥಾರ್‌ನ ಸುತ್ತಿಗೆಯನ್ನು ಬಿಳಿಯರ ಹೆಗ್ಗಳಿಕೆಯ ಗುರುತು ಮಾಡಿಕೊಂಡವರು ಅವರು. ಐಸ್ಲೆಂಡಿನ ಸಂಘ ಅಂಥವರನ್ನು ಬಹಿರಂಗವಾಗಿಯೇ ದೂರ ಇಟ್ಟಿದೆ. ಸುಮ್ಮನಿದ್ದರೆ ಒಪ್ಪಿಗೆ ಅಂತಲೇ ಅವರು ತಿಳಿದುಕೊಳ್ಳುತ್ತಾರೆ.

ಇನ್ನು ಮದುವೆ. ಮದುಮಗಳ ಅಜ್ಜಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು ಅಂತಿಟ್ಟುಕೊಳ್ಳಿ. ಓಡಿನ್‌ಗೆ ಜೈ ಅನ್ನಿ ಎಂದು ಅವರ ಕೈಗೆ ಕೊಂಬು ಕೊಟ್ಟರೆ ಅದು ಹಿಂಸೆ. ಮೊದಲೇ ಅವರ ಮನೆಗೆ ಹೋಗಿ ಏನೇನು ನಡೆಯುತ್ತದೆ ಅಂತ ಹೇಳಿ ಬನ್ನಿ. ಇರುವ ಒಂದು ಸುತ್ತನ್ನು ಪೂರ್ವಜರನ್ನು ನೆನೆಯಲು ಇಡಿ. ಅಲ್ಲಿ ಅವರು ತಮ್ಮ ತಾಯಿಯ ಹೆಸರು ಹೇಳಬಹುದು, ಬೇಕಾದರೆ ತಮ್ಮ ಪ್ರಾರ್ಥನೆಯನ್ನೂ ಹೇಳಲಿ. ಆಮೇಲೆ ಬೆಂಕಿಯ ಪಕ್ಕ ಅವರಿಗೊಂದು ಕುರ್ಚಿ ಹಾಕಿ.