ಹಂಡೆಯ ತಾಮ್ರ, ತಂತಿಯ ಅಲ್ಯೂಮಿನಿಯಂ

ಕೇಳುಗರಿಗೆ ನಮಸ್ಕಾರ.

ನಮ್ಮ ಬಚ್ಚಲುಮನೆಯಲ್ಲಿ ಒಂದು ತಾಮ್ರದ ಹಂಡೆ ಇತ್ತು. ಹಬ್ಬದ ಹಿಂದಿನ ದಿನ ಹುಣಸೆಹಣ್ಣು, ಉಪ್ಪು ಹಚ್ಚಿ ಅದನ್ನು ಉಜ್ಜುವ ಕೆಲಸ ನನ್ನದು. ಕಪ್ಪಿಟ್ಟ ಮೈಗೆ ಹುಳಿ ತಾಗಿದಲ್ಲೆಲ್ಲ ಕೆಂಪು ಎದ್ದು ಬರುತ್ತಿತ್ತು. ಗಾಳಿಯ ಆಮ್ಲಜನಕ ಸೇರಿ ತಾಮ್ರದ ಮೇಲೆ ಕೂತ ಪದರವನ್ನು ಹುಣಸೆಯ ಆಮ್ಲ ಕರಗಿಸುತ್ತದೆ ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆಗೆ ಇಷ್ಟು ಉಪಚಾರ ಬೇಕಿರಲಿಲ್ಲ. ಅದಕ್ಕೆ ಗಾಳಿ ತಾಗುವುದಿಲ್ಲವೆಂದಲ್ಲ. ತಾಮ್ರಕ್ಕಿಂತ ಬೇಗ ತಾಗುತ್ತದೆ. ಚಾಕುವಿನಿಂದ ಗೀರಿ ನೋಡಿ, ಗೀರಿದ ಜಾಗದಲ್ಲಿ ಆಗಲೇ ಹೊಸ ಪದರ ಕಟ್ಟಿರುತ್ತದೆ. ಅದು ಕಣ್ಣಿಗೆ ಕಾಣದಷ್ಟು ತೆಳು, ಆದರೆ ಬಲು ಗಟ್ಟಿ. ಒಳಗಿನ ಲೋಹವನ್ನು ಕಾಯುವುದು ಅದೇ. ಹುಳಿಗೆ ಮಾತ್ರ ಅದೂ ಸೋಲುತ್ತದೆ. ಅದಕ್ಕೇ ಸಾರು, ಉಪ್ಪಿನಕಾಯಿಯನ್ನು ಅಲ್ಯೂಮಿನಿಯಂನಲ್ಲಿ ಇಡಬೇಡಿ; ತಾಮ್ರದಲ್ಲಾದರೆ ಒಳಗೆ ತವರದ ಕಲಾಯಿ ಇರಲೇಬೇಕು.

ಪಾತ್ರೆಯನ್ನು ಕಾಯುವ ಈ ಪದರವೇ ವೈರಿಂಗ್‌ನಲ್ಲಿ ತೊಡಕು, ಏಕೆಂದರೆ ಅದರ ಮೂಲಕ ವಿದ್ಯುತ್ ಹರಿಯುವುದಿಲ್ಲ. ಜೊತೆಗೆ ಸ್ಕ್ರೂ ಬಿಗಿದ ಕಡೆ ಅಲ್ಯೂಮಿನಿಯಂ ತಂತಿ ಕ್ರಮೇಣ ಚಪ್ಪಟೆಯಾಗಿ ಸಡಿಲವಾಗುತ್ತದೆ, ಸಡಿಲ ಜಾಗ ಬಿಸಿಯಾಗುತ್ತದೆ. ನಮ್ಮ ಹಳೆ ಮನೆಯ ಸ್ವಿಚ್ ಬೋರ್ಡೊಂದು ಹೀಗೇ ಕರಕಲಾಗಿತ್ತು, ಸುಟ್ಟ ಪ್ಲಾಸ್ಟಿಕ್ ವಾಸನೆ ಇನ್ನೂ ನೆನಪಿದೆ. ಮನೆಯೊಳಗೆ ತಾಮ್ರದ ತಂತಿಯನ್ನೇ ಹಾಕಿಸಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಹೊಲದ ಮೇಲೆ ಹಾದುಹೋಗುವ ಹೈಟೆನ್ಷನ್ ಲೈನಿನ ಲೆಕ್ಕವೇ ಬೇರೆ. ಒಂದೇ ದಪ್ಪದ ತಂತಿಯಾದರೆ ಅಲ್ಯೂಮಿನಿಯಂ ತಾಮ್ರದ ಶೇ. 60ರಷ್ಟು ಮಾತ್ರ ವಿದ್ಯುತ್ ಹರಿಸೀತು. ಆದರೆ ಒಂದು ಘನ ಸೆಂಟಿಮೀಟರ್ ತಾಮ್ರ ಸುಮಾರು 9 ಗ್ರಾಂ ತೂಗಿದರೆ, ಅಲ್ಯೂಮಿನಿಯಂ 2.7 ಗ್ರಾಂ. ತೂಕಕ್ಕೆ ತೂಕ ಹಿಡಿದರೆ ಗೆಲ್ಲುವುದು ಅಲ್ಯೂಮಿನಿಯಂ, ಅದೂ ಎರಡು ಪಟ್ಟು. ಗೋಪುರದಿಂದ ಗೋಪುರಕ್ಕೆ ಜೋತುಬೀಳುವ ತಂತಿಗೆ ಹಗುರವೇ ಮುಖ್ಯ. ಎಳೆತ ತಡೆಯಲು ನಡುವೆ ಉಕ್ಕಿನ ಎಳೆಗಳನ್ನು ಇಟ್ಟಿರುತ್ತಾರೆ.

ತಾಮ್ರ ಮನುಷ್ಯನಿಗೆ ಸಾವಿರಾರು ವರ್ಷಗಳಿಂದ ಗೊತ್ತು. ಅಲ್ಯೂಮಿನಿಯಂ ಬಾಕ್ಸೈಟ್ ಎಂಬ ಅದಿರಿನೊಳಗೆ ಆಮ್ಲಜನಕವನ್ನು ಬಿಗಿಯಾಗಿ ಹಿಡಿದು ಕೂತಿತ್ತು. 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಹೆರೂ, ಒಬ್ಬರಿಗೊಬ್ಬರು ತಿಳಿಯದೆ, ವಿದ್ಯುತ್ ಹರಿಸಿ ಅದನ್ನು ಬಿಡಿಸುವ ಅಗ್ಗದ ದಾರಿ ಕಂಡುಕೊಂಡರು. ಇಂದಿಗೂ ಆ ಕೆಲಸ ವಿಪರೀತ ವಿದ್ಯುತ್ ನುಂಗುತ್ತದೆ. ತಗ್ಗುಬಿದ್ದ ಹಳೇ ಪಾತ್ರೆಯನ್ನು ಗುಜರಿಗೆ ಕೊಟ್ಟರೆ, 660 ಡಿಗ್ರಿಗೆ ಕರಗಿ ಮತ್ತೆ ಲೋಹವಾಗಲು ಅದರ ಇಪ್ಪತ್ತನೇ ಒಂದು ಪಾಲಿನಷ್ಟು ಶಕ್ತಿ ಸಾಕು.