ಚೇತಕ್ ನಿವೃತ್ತಿ ಯಾಕೆ ಇಷ್ಟು ತಡ?

[ದೃಶ್ಯ: ಯುದ್ಧನೌಕೆಯ ಡೆಕ್ ಮೇಲೆ ಇಳಿಯುತ್ತಿರುವ ಚೇತಕ್]

ಈ ಹೆಲಿಕಾಪ್ಟರ್ ಹೆಸರು ಚೇತಕ್. ಮೂಲ ವಿನ್ಯಾಸ ಫ್ರಾನ್ಸಿನದು, ಮೊದಲು ಹಾರಿದ್ದು 1959ರಲ್ಲಿ. ಬೆಂಗಳೂರಿನ ಎಚ್‌ಎಎಲ್ ಲೈಸೆನ್ಸ್ ಪಡೆದು 1960ರ ದಶಕದಲ್ಲಿ ಇದನ್ನು ಇಲ್ಲೇ ತಯಾರಿಸಲು ಶುರು ಮಾಡಿತು. ನಮ್ಮ ನೌಕಾಪಡೆ ಈಗಲೂ ಇದನ್ನು ಹಾರಿಸುತ್ತಿದೆ. ಇರುವುದು ಒಂದೇ ಎಂಜಿನ್. ನೆಲದ ಮೇಲೆ ಎಂಜಿನ್ ಕೈಕೊಟ್ಟರೆ ಯಾವುದಾದರೂ ಬಯಲಿನಲ್ಲಿ ಇಳಿಸಬಹುದು. ಕೆಳಗೆ ಬರೀ ಸಮುದ್ರ ಇದ್ದರೆ?

ಸರಿ, ಹೊಸದು ಕೊಳ್ಳಲು ಏನು ಅಡ್ಡಿ? ದುಡ್ಡಿನ ವಿಷಯ ಎಲ್ಲರಿಗೂ ಗೊತ್ತು. ನನಗೆ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಹ್ಯಾಂಗರ್, ಅಂದರೆ ಹೆಲಿಕಾಪ್ಟರ್ ನಿಲ್ಲಿಸುವ ಕೋಣೆ.

[ಗ್ರಾಫಿಕ್: ಹಡಗಿನ ಹ್ಯಾಂಗರ್, ಬಾಗಿಲಿನ ಅಗಲ]

ಹಡಗಿನಲ್ಲಿ ಹ್ಯಾಂಗರ್ ತೀರಾ ಇಕ್ಕಟ್ಟು. ಉಪ್ಪುಗಾಳಿಯಲ್ಲಿ ಹೊರಗೇ ಬಿಟ್ಟರೆ ತುಕ್ಕು. ಹಾಗಾಗಿ ಬ್ಲೇಡ್ ಮಡಚಿ ಒಳಗೆ ತಳ್ಳಬೇಕು. ಮಡಚಿದ ಮೇಲೆ ಅಗಲ 3.5 ಮೀಟರ್ ದಾಟಬಾರದು ಎಂದು ನೌಕಾಪಡೆ ಕೇಳಿತು. ಎಚ್‌ಎಎಲ್‌ನದೇ ಹೆಲಿಕಾಪ್ಟರ್ ಧ್ರುವ್ ಎಡವಿದ್ದು ಇಲ್ಲೇ. ಅದರ ರೋಟರ್, ಅಂದರೆ ಮೇಲೆ ತಿರುಗುವ ಬ್ಲೇಡ್‌ಗಳ ಜೋಡಣೆ, ಹಿಮಾಲಯದ ಎತ್ತರದಲ್ಲಿ ಸೊಗಸಾಗಿ ಕೆಲಸ ಮಾಡುತ್ತದೆ. ಆದರೆ ಬ್ಲೇಡ್‌ಗಳು ಕೀಲಿಲ್ಲದೆ ಗಟ್ಟಿಯಾಗಿ ಕೂತಿರುತ್ತವೆ, ಸುಲಭವಾಗಿ ಮಡಚಲು ಬಗ್ಗುವುದಿಲ್ಲ. ಕೊನೆಗೆ ಎಚ್‌ಎಎಲ್ ಬ್ಲೇಡ್ ಜೊತೆ ಬಾಲವನ್ನೂ ಮಡಚುವ ಮರೈನ್ ಮಾದರಿಗೆ ಕೈ ಹಾಕಿತು. ಅಷ್ಟರಲ್ಲಿ, 2025ರ ಜನವರಿಯಲ್ಲಿ ಪೋರಬಂದರಿನಲ್ಲಿ ಕರಾವಳಿ ರಕ್ಷಣಾ ಪಡೆಯ ಧ್ರುವ್ ಬಿತ್ತು. ಮೂವರು ತೀರಿಕೊಂಡರು. ದೇಶದ ಧ್ರುವ್‌ಗಳೆಲ್ಲ ನೆಲಕ್ಕಿಳಿದವು. ಭೂಸೇನೆಯವು ಮೊದಲು ಮೇಲೆದ್ದವು, ಸಮುದ್ರದವು ಕಾಯಬೇಕಾಯಿತು.

ಕಾಗದದ ಮೇಲೆ ದಾರಿ ಇತ್ತು. 2018ರಲ್ಲೇ ಚೇತಕ್ ಬದಲಿಗೆ 111 ಹಗುರ ಹೆಲಿಕಾಪ್ಟರ್‌ಗಳಿಗೆ, ಸುಮಾರು 21,000 ಕೋಟಿ ರೂಪಾಯಿಗೆ, ರಕ್ಷಣಾ ಖರೀದಿ ಮಂಡಳಿ ಒಪ್ಪಿತ್ತು. ವಿದೇಶಿ ವಿನ್ಯಾಸ, ಭಾರತದ ಕಂಪನಿ ತಯಾರಿಕೆ ಎಂಬ ಲೆಕ್ಕ. ಸರ್ಕಾರಿ ಎಚ್‌ಎಎಲ್‌ಗೂ ಅವಕಾಶ ಕೊಡಬೇಕೇ ಬೇಡವೇ ಎಂಬ ಜಗ್ಗಾಟದಲ್ಲೇ ವರ್ಷಗಳು ಕಳೆದವು.

[ದೃಶ್ಯ: ಶಬ್ದದಿಂದ ಸಬ್‌ಮರೀನ್ ಪತ್ತೆ ಮಾಡುವ ಸೋನಾರ್ ಅನ್ನು ನೀರಿಗೆ ಇಳಿಬಿಟ್ಟ ಸೀ ಕಿಂಗ್ ಹೆಲಿಕಾಪ್ಟರ್]

ಸಬ್‌ಮರೀನ್ ಬೇಟೆಯ ಕಥೆಯೂ ಇಂಥದ್ದೇ. ಅಮೆರಿಕದ ಮೂಲ ವಿನ್ಯಾಸದ, ಬ್ರಿಟನ್ನಿನಲ್ಲಿ ತಯಾರಾದ ಸೀ ಕಿಂಗ್‌ಗಳಿಗೆ 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕದ ನಿರ್ಬಂಧದಿಂದ ಬಿಡಿಭಾಗಗಳ ಬರ ಬಂತು. ಬದಲಿಗೆ 2014ರಲ್ಲಿ ಆರಿಸಿದ್ದ 16 ಹೆಲಿಕಾಪ್ಟರ್‌ಗಳ ಖರೀದಿ, ಬೆಲೆಯ ತಕರಾರಿನಲ್ಲಿ 2017ಕ್ಕೆ ರದ್ದಾಯಿತು. ಕಡೆಗೆ 2020ರಲ್ಲಿ ಅಮೆರಿಕದ 24 ಸೀಹಾಕ್‌ಗೆ ಸಹಿ ಬಿತ್ತು. 2024ರ ಮಾರ್ಚಿನಲ್ಲಿ ಕೊಚ್ಚಿಯಲ್ಲಿ ಮೊದಲ ಸ್ಕ್ವಾಡ್ರನ್ ಶುರುವಾಯಿತು.

ಹಾಗಾದರೆ ಸೀಹಾಕನ್ನೇ ಜಾಸ್ತಿ ತರಬಹುದಲ್ವಾ? ತುಂಬಿದ ಸೀಹಾಕ್ ತೂಕ 10 ಟನ್ ದಾಟುತ್ತದೆ. ಚೇತಕ್ 2.2 ಟನ್. ಸಣ್ಣ ಗಸ್ತು ಹಡಗಿನ ಡೆಕ್ ಅಷ್ಟು ಭಾರ ಹೊರುವುದಿಲ್ಲ. ಅಲ್ಲಿಗೆ ಹಗುರ ಹೆಲಿಕಾಪ್ಟರ್‌ಗಳ ಫೈಲೇ ಮುಂದೆ ಹೋಗಬೇಕು.